ಸ್ಪರ್ಶಕದ ಪಾಠಕ್ಕೊಂದು ಕಡಲ ಗುಡ್ಡ

ಮಾಂಬಳ್ಳಿಯಲ್ಲಿ ಹತ್ತನೇ ತರಗತಿಗೆ ವೃತ್ತದ ಸ್ಪರ್ಶಕ ಬೋಧಿಸುವಾಗ, ಎತ್ತರ ಹತ್ತಿದರೆ ದೂರ ಕಾಣುವುದೇಕೆ ಎಂದು ಕೇಳಿದೆ. ಬಿಳಿಗಿರಿರಂಗನ ಬೆಟ್ಟ ಹತ್ತಿದ್ದ ಮಕ್ಕಳ ಉತ್ತರ ಸಿದ್ಧವಿತ್ತು: "ಸಾ, ಅಡ್ಡ ಇರೋ ಮರ, ಮನೆ ಎಲ್ಲ ಕೆಳಕ್ಕೋಯ್ತವೆ." ಉತ್ತರ ಸರಿಯೇ, ಆದರೆ ಭೂಮಿಯ ದುಂಡು ಅದರಲ್ಲಿ ಮರೆಯಾಗುತ್ತದೆ. ಮರ-ಮನೆಗಳ ಅಡ್ಡಿಯೇ ಇಲ್ಲದ ಜಾಗ ಕಡಲು.

ಬಹುಪಾಲು ಮಕ್ಕಳು ಕಡಲು ಕಂಡಿರಲಿಲ್ಲ. ಹೊನ್ನಾವರದ ಬಳಿಯ ಅಪ್ಸರಕೊಂಡದಲ್ಲಿ ನಾನು ಕಂಡದ್ದನ್ನು ಹೇಳಿದೆ: ಕೆಳಗೆ ಮರಳಿನ ಮೇಲೆ ನಿಂತಾಗ ಮೇಲ್ಭಾಗವಷ್ಟೇ ಕಾಣುತ್ತಿದ್ದ ದೋಣಿ, ಗುಡ್ಡ ಹತ್ತಿ ಉದ್ಯಾನದಿಂದ ನೋಡಿದಾಗ ಪೂರ್ತಿ ಕಂಡಿತ್ತು.

ಹಲಗೆಯ ಮೇಲಿನ ವೃತ್ತವನ್ನೇ ಭೂಮಿ ಎಂದುಕೊಂಡೆವು. ಕಣ್ಣಿನಿಂದ ಕಡಲಂಚಿಗೆ ಎಳೆದ ಗೆರೆ ಸ್ಪರ್ಶಕ. ಸ್ಪರ್ಶಬಿಂದುವಿನಲ್ಲಿ ಅದು ತ್ರಿಜ್ಯಕ್ಕೆ ಲಂಬ. ಪೈಥಾಗೊರಸ್ ಪ್ರಮೇಯದಿಂದ, ದೂರದ ವರ್ಗವು ಹೆಚ್ಚುಕಡಿಮೆ ಭೂಮಿಯ ವ್ಯಾಸ (12,742 ಕಿ.ಮೀ.) ಮತ್ತು ಎತ್ತರಗಳ ಗುಣಲಬ್ಧ. ಕಣ್ಣು 1.6 ಮೀಟರ್ ಎತ್ತರದಲ್ಲಿದ್ದರೆ ಕಡಲಂಚು ಸುಮಾರು 4.5 ಕಿ.ಮೀ. ದೂರ, 25 ಮೀಟರಿಗೆ 18, 100 ಮೀಟರಿಗೆ 36. ಎತ್ತರ ನಾಲ್ಕು ಪಟ್ಟಾದರೂ ದೂರ ಎರಡೇ ಪಟ್ಟು.

ಈ ಪಾಠಕ್ಕೆ ಮೊದಲು ಬೆಟ್ಟ, ಆಮೇಲೆ ಕಡಲು ಎಂಬ ಕ್ರಮ ಒಳ್ಳೆಯದು. ಮಕ್ಕಳ ಉತ್ತರವನ್ನು ನಾವು ತಳ್ಳಿಹಾಕಬೇಕಿಲ್ಲ. ಅದು ಎಲ್ಲಿ ಸಾಲದು ಎಂಬುದನ್ನು ಕಡಲೇ ತೋರಿಸುತ್ತದೆ.