ಹಳೆಯ ಮನೆಗಳ ಬಚ್ಚಲು ಮತ್ತು ಶೌಚಾಲಯದ ಪೈಪುಗಳ ದುರಸ್ತಿ: ಮನೆ ಮಾಲೀಕರ ಗಮನಕ್ಕೆ

ಗ್ರಾಮೀಣ ಪ್ರದೇಶದ ಹಳೆಯ ಮನೆಗಳಲ್ಲಿ ಬಳಸಿದ ನೀರನ್ನು ಹೊರಸಾಗಿಸಲು ನೆಲದಡಿಯಲ್ಲಿ ಸುಟ್ಟ ಮಣ್ಣಿನ ಪೈಪುಗಳನ್ನೂ, ಗೋಡೆಯಗುಂಟ ಬೀಡುಕಬ್ಬಿಣದ ಪೈಪುಗಳನ್ನೂ ಅಳವಡಿಸುವುದು ವಾಡಿಕೆಯಾಗಿತ್ತು. ಬೀಡುಕಬ್ಬಿಣವು ಒಳಗಿನಿಂದ ತುಕ್ಕು ಹಿಡಿದು ಕಿರಿದಾಗುತ್ತದೆ. ಮಣ್ಣಿನ ಪೈಪು ಸವೆಯುವುದು ಅಪರೂಪ. ಕೆಡುವುದು ಅದರ ಸಂದು. ನೆಲ ಕುಸಿದಂತೆ ಸಂದಿನ ಗಾರೆ ಬಿರುಕು ಬಿಟ್ಟು, ಹಿತ್ತಿಲ ಮರಗಳ ಬೇರುಗಳು ಅದರೊಳಗೆ ಇಳಿಯುತ್ತವೆ.

ಕಟ್ಟಿಕೊಂಡ ಪೈಪಿನ ಬಗ್ಗೆ ಮನೆಯವರು ಅಂದೇ ಎಚ್ಚೆತ್ತುಕೊಳ್ಳುತ್ತಾರೆ. ಸೋರುವ ಪೈಪಿನ ಸಂಗತಿ ಹಾಗಲ್ಲ. ಅದರಲ್ಲಿ ನೀರು ಸರಾಗವಾಗಿಯೇ ಇಳಿದುಹೋಗುವುದರಿಂದ ವರ್ಷಗಟ್ಟಲೆ ಯಾರ ಗಮನಕ್ಕೂ ಬರುವುದಿಲ್ಲ. ಮಣ್ಣಿನ ಗೋಡೆಯ ಮನೆಯಾದಲ್ಲಿ ತಳಪಾಯ ನೆನೆದು ಗೋಡೆ ಕುಸಿಯಬಹುದು. ಮನೆಯ ಬಾವಿ ಕಲುಷಿತಗೊಳ್ಳಬಹುದು. ಜಲ ಜೀವನ್ ಮಿಷನ್ ಅಡಿ ಹೊಸದಾಗಿ ಎಳೆದ ನಲ್ಲಿ ಪೈಪು ಹಳೆಯ ಬಚ್ಚಲು ಪೈಪನ್ನು ದಾಟಿ ಹೋಗುವ ಮನೆಗಳಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ನೀರು ಬಿಡದ ಹೊತ್ತಿನಲ್ಲಿ ನಲ್ಲಿ ಪೈಪಿನೊಳಗೆ ಒತ್ತಡವಿರುವುದಿಲ್ಲ. ಅದರಲ್ಲಿ ಸಣ್ಣ ಬಿರುಕಿದ್ದರೂ ಸುತ್ತಲಿನ ಹೊಲಸು ನೀರು ಒಳಸೇರಿ, ಮರುದಿನ ಕುಡಿಯುವ ಬಿಂದಿಗೆಗೆ ಬರುತ್ತದೆ.

ಆದುದರಿಂದ ನೆಲ ಅಗೆಯುವ ಮುನ್ನ ಪರೀಕ್ಷಿಸತಕ್ಕದ್ದು. ಕೆಳಗಿನ ಚೇಂಬರಿನಲ್ಲಿ ಪೈಪಿನ ಬಾಯಿಯನ್ನು ಬಟ್ಟೆ ಸುತ್ತಿದ ಬಿರಡೆಯಿಂದ ಬಿಗಿಯಾಗಿ ಮುಚ್ಚಿ, ಮೇಲಿನ ಚೇಂಬರಿನವರೆಗೆ ನೀರು ತುಂಬಿ ಗುರುತು ಹಾಕಬೇಕು. ಅರ್ಧ ಗಂಟೆಯಲ್ಲಿ ನೀರಿನ ಮಟ್ಟ ಎದ್ದುಕಾಣುವಷ್ಟು ಇಳಿದರೆ ಆ ಎರಡು ಚೇಂಬರುಗಳ ನಡುವೆ ಸೋರಿಕೆಯಿದೆ ಎಂದರ್ಥ. ಹೀಗೆ ಒಂದೊಂದು ಭಾಗವನ್ನು ಪ್ರತ್ಯೇಕವಾಗಿ ನೋಡಿದಲ್ಲಿ ಇಡೀ ಅಂಗಳ ಅಗೆಯುವ ಖರ್ಚು ಹಲವು ಬಾರಿ ಉಳಿಯುತ್ತದೆ. ಒಂದೇ ಸಂದು ಕೆಟ್ಟಿದ್ದರೆ ಅಷ್ಟನ್ನೇ ಸರಿಪಡಿಸಬಹುದು. ಆದರೆ ಹಲವು ಸಂದುಗಳಲ್ಲಿ ಬೇರು ಇಳಿದಿದ್ದರೆ ತೇಪೆ ಹಾಕುವುದು ವ್ಯರ್ಥ. ಆ ಸಾಲನ್ನೇ ಬದಲಿಸುವುದು ಲೇಸು.

ಹೊಸ ಪೈಪು ಕೊಳ್ಳುವಾಗ ಅದರ ಮೇಲಿನ ಮುದ್ರೆಯನ್ನು ಓದಬೇಕು. ಗೋಡೆಗೆ ಅಳವಡಿಸುವ ಪಿವಿಸಿ ಪೈಪಿಗೆ ಐ.ಎಸ್. 13592 ಅನ್ವಯಿಸುತ್ತದೆ. ಅದರಲ್ಲಿ ‘ಎ’ ಮಾದರಿ ಮಳೆನೀರು ಹಾಗೂ ಗಾಳಿ ಕೊಳವೆಗೆ ಮಾತ್ರ. ಶೌಚಾಲಯಕ್ಕೆ ‘ಬಿ’ ಮಾದರಿಯೇ ಬೇಕು. ನೆಲದಡಿ ಹೂಳುವ ಪೈಪಿಗೆ ಐ.ಎಸ್. 15328 ಇರುತ್ತದೆ. ಶೌಚಾಲಯಕ್ಕೆ 110 ಮಿ.ಮೀ. ವ್ಯಾಸದ ಪೈಪು ಸಾಕು.

ಗಾರೆಯವರು ‘ವಾಟ’ ಎನ್ನುವ ಇಳಿಜಾರು 40ಕ್ಕೆ 1ರಿಂದ 60ಕ್ಕೆ 1ರವರೆಗೆ ಇರಲಿ. ಅಂದರೆ 4 ಮೀಟರ್ ಉದ್ದಕ್ಕೆ ಸುಮಾರು 7ರಿಂದ 10 ಸೆಂ.ಮೀ. ಕಣ್ಣಂದಾಜು ಇಲ್ಲಿ ಸಾಲದು, ಮಟ್ಟ ಹಿಡಿದು ನೋಡಬೇಕು. ಪೈಪಿನ ಕೆಳಗೆ ಮರಳು ಹಾಸಬೇಕು. ಕಲ್ಲಿನ ಮೇಲೆ ಕುಳಿತ ಪೈಪು ಭಾರ ಬಿದ್ದಾಗ ಒಡೆಯುತ್ತದೆ. ತಿರುವಿನಲ್ಲಿ ಒಂದೇ ನೇರ ಮೂಲೆಯ ಬದಲು 45 ಡಿಗ್ರಿಯ ಎರಡು ಬೆಂಡುಗಳನ್ನು ಬಳಸಿ, ಅಲ್ಲೊಂದು ಚೇಂಬರ್ ಕಟ್ಟಿಸುವುದು. ಸ್ನಾನದ ನೀರನ್ನು ಶೌಚಗುಂಡಿಗೆ ಸೇರಿಸದೆ ಪ್ರತ್ಯೇಕ ಇಂಗುಗುಂಡಿಗೆ ಬಿಡತಕ್ಕದ್ದು.

ಪೈಪು ಕಟ್ಟಿದೆಯೆಂದು ಯಾರನ್ನೂ ಸೆಪ್ಟಿಕ್ ಟ್ಯಾಂಕಿಗೆ ಇಳಿಸಕೂಡದು. ಒಳಗಿನ ವಿಷಾನಿಲದಿಂದ ಕ್ಷಣಮಾತ್ರದಲ್ಲಿ ಪ್ರಾಣಹಾನಿಯಾಗುತ್ತದೆ. ಕಾಪಾಡಲು ಇಳಿದವರೂ ಬದುಕುಳಿಯುವುದು ಕಷ್ಟ. ಸುರಕ್ಷತಾ ವ್ಯವಸ್ಥೆಯಿಲ್ಲದೆ ಹೀಗೆ ಇಳಿಸುವುದು 2013ರ ಕಾಯ್ದೆಯನ್ವಯ ಶಿಕ್ಷಾರ್ಹ ಅಪರಾಧ. ಮನೆ ಮಾಲೀಕರೂ ಇದಕ್ಕೆ ಹೊರತಲ್ಲ. ಯಂತ್ರದ ವ್ಯವಸ್ಥೆಗಾಗಿ ಗ್ರಾಮ ಪಂಚಾಯತಿಯನ್ನು ಸಂಪರ್ಕಿಸುವುದು.

ಕಂದಕ ಮುಚ್ಚುವ ಮುನ್ನ ಮತ್ತೊಮ್ಮೆ ನೀರು ತುಂಬಿ ಪರೀಕ್ಷಿಸಿ, ಪೈಪು ಸಾಗುವ ದಾರಿಯನ್ನು ಗೋಡೆಯಿಂದ ಅಳತೆ ಸಹಿತ ಒಂದು ಹಾಳೆಯಲ್ಲಿ ಬರೆದು ಮನೆಯ ಪತ್ರಗಳೊಂದಿಗೆ ಇಟ್ಟುಕೊಳ್ಳಲು ಕೋರಲಾಗಿದೆ.