ಕೋಬಾಲ್ ಮತ್ತು ಆರ್‌ಪಿಜಿ: ಗುಣತಾರತಮ್ಯ

ವಾಣಿಜ್ಯದ ಲೆಕ್ಕಪತ್ರಗಳಿಗಾಗಿ ಹುಟ್ಟಿದ ಗಣಕಭಾಷೆಗಳಲ್ಲಿ ಕೋಬಾಲ್, ಆರ್‌ಪಿಜಿ ಎಂಬೆರಡು ಪ್ರಾಚೀನವಾದುವು. ಎರಡರ ಮೂಲವೂ 1959ನೆಯ ಇಸವಿಯದು. ಉದ್ದೇಶವು ಒಂದೇ ಆದರೂ ಮಾರ್ಗವು ಭಿನ್ನ.

ಆರ್‌ಪಿಜಿ ಸೂತ್ರಪ್ರಾಯವಾದುದು. ದಾಖಲೆಯನ್ನು ಓದುವುದು, ಗಣಿಸುವುದು, ಫಲವನ್ನು ಬರೆಯುವುದು ಎಂಬ ಆವೃತ್ತಿಯನ್ನು ಅದು ತಾನೇ ನಡೆಸುವುದು. ಪಾಣಿನೀಯದಲ್ಲಿ ಅನುವೃತ್ತಿಯಿಂದ ಪದವು ಒದಗುವಂತೆ, ಇಲ್ಲಿ ಬರೆಯದುದೂ ಕಾರ್ಯಕಾರಿಯಾಗುವುದು. ಆದರೆ ಅದರ ಹಳೆಯ ರೂಪದಲ್ಲಿ ಅಕ್ಷರವು ನಿಯತಸ್ಥಾನದಿಂದ ಜರುಗಿದರೆ ಅರ್ಥವೇ ಕೆಡುವುದು.

ಕೋಬಾಲ್ ವೃತ್ತಿಪ್ರಾಯವಾದುದು. ಅದು ಇಂಗ್ಲಿಷ್ ವಾಕ್ಯದಂತೆ ಕ್ರಿಯಾಪದಗಳಿಂದ ನಡೆಯುವುದು; ದತ್ತಾಂಶದ ಲಕ್ಷಣವನ್ನು ಒಂದು ವಿಭಾಗದಲ್ಲಿಯೂ ಕಾರ್ಯವಿಧಿಯನ್ನು ಮತ್ತೊಂದರಲ್ಲಿಯೂ ಹೇಳುವುದು. ದೊಡ್ಡಬಳ್ಳಾಪುರದ ನೇಕಾರನೊಬ್ಬನ ಕೂಲಿಯನ್ನು ಗಣಿಸುವುದಾದರೆ, ರೂಪಾಯಿಗೆ ಆರು ಸ್ಥಾನ, ಪೈಸೆಗೆ ಎರಡು ಎಂದು ಮೊದಲೇ ವಿಧಿಸಬೇಕು. ಪೈಸೆ ತಪ್ಪದಂತೆ ಕಾಯುವ ಈ ದಶಮಾನಗಣಿತವು ಎರಡು ಭಾಷೆಗಳಿಗೂ ಸಮಾನ.

ಕೋಬಾಲಿನ ವಿಸ್ತರವು ದೋಷವೆಂದು ಆಕ್ಷೇಪಿಸುವರುಂಟು. ಅದಕ್ಕೆ ಸಮಾಧಾನವಿದು: ವರ್ಷವನ್ನು ಎರಡೇ ಅಂಕಿಗಳಲ್ಲಿ ಗುರುತಿಸಿದ್ದ ಹಳೆಯ ಕ್ರಮವಿಧಿಗಳನ್ನು 2000ಕ್ಕೆ ಮುನ್ನ ಬೆಂಗಳೂರಿನ ಸಂಸ್ಥೆಗಳಲ್ಲಿ ತಿದ್ದಿದವರು ಬಹುಮಟ್ಟಿಗೆ ಅವುಗಳ ಕರ್ತೃಗಳಲ್ಲ. ಅನ್ಯರು ದಶಕಗಳ ಹಿಂದೆ ಬರೆದುದನ್ನು ಓದಿಯೇ ಅವರು ಅರ್ಥಮಾಡಿಕೊಳ್ಳಬೇಕಾಯಿತು. ಆದುದರಿಂದ ಲಾಘವವು ಬರೆಯುವವನಿಗೆ ಗುಣ, ವೈಶದ್ಯವು ಮುಂದೆ ಓದುವವನಿಗೆ ಗುಣ. ಕರ್ತೃವಿಗಿಂತ ದೀರ್ಘಕಾಲ ಬಾಳುವ ಲೆಕ್ಕಕ್ಕೆ ಎರಡನೆಯದೇ ಬಲವತ್ತರವಾದುದು.