ಅರಿಯದ ನುಡಿಗೊಂದು ಅಕ್ಷರಮಾಲೆ: ಸಂತ ಹಿಲ್ಡೆಗಾರ್ಡರ ಲಿಪಿ

ಬಿಂಗೆನ್ನಿನ ಸಂತ ಹಿಲ್ಡೆಗಾರ್ಡರನ್ನು (1098–1179) ನಾವು ದಾರ್ಶನಿಕೆಯೆಂದೂ ಕನ್ಯಾಮಠದ ಅಧ್ಯಕ್ಷೆಯೆಂದೂ ಬಲ್ಲೆವು. 2012ರಲ್ಲಿ ವಿಶ್ವಗುರು ಹದಿನಾರನೆಯ ಬೆನೆಡಿಕ್ಟರು ಅವರನ್ನು ಧರ್ಮಸಭೆಯ ಪಂಡಿತರ ಸಾಲಿಗೆ ಸೇರಿಸಿದರು. ಈ ಸಂತರು ಒಂದು ಭಾಷೆಯನ್ನೂ ಅದರೊಡನೆ ಒಂದು ಲಿಪಿಯನ್ನೂ ಕಲ್ಪಿಸಿದರೆಂಬ ಸಂಗತಿ ಮಾತ್ರ ನಮ್ಮ ತರಗತಿಗಳಲ್ಲಿ ವಿರಳವಾಗಿ ಪ್ರಸ್ತಾಪವಾಗುತ್ತದೆ.

ಲಿಪಿಯಲ್ಲಿರುವ ಅಕ್ಷರಗಳು 23. ಅವುಗಳ ಆಕಾರ ಹೊಸತು. ಎಣಿಕೆಯೂ ಅನುಕ್ರಮವೂ ಲತೀನಿನವೇ. ಕ್ರಿ.ಶ. 405ರ ಸುಮಾರಿಗೆ ಸಂತ ಮೆಸ್ರೋಪರು ಆರ್ಮೇನಿಯನ್ ನುಡಿಗೆ 36 ಅಕ್ಷರಗಳನ್ನು ರೂಪಿಸಿದಾಗ ಆ ಜನರ ಬಾಯಲ್ಲಿದ್ದ ಧ್ವನಿಗಳಿಗೆ ಕಿವಿಗೊಡಬೇಕಾಯಿತು, ಏಕೆಂದರೆ ಪವಿತ್ರಗ್ರಂಥವನ್ನು ಅವರ ಮಾತಿಗೆ ತರಬೇಕಿತ್ತು. ಹಿಲ್ಡೆಗಾರ್ಡರು ಅಂಥ ಧ್ವನಿವಿಚಾರಕ್ಕೆ ಕೈಹಾಕಲಿಲ್ಲ. ಉಚ್ಚಾರಣೆಯ ಸ್ಥಾನಗಳನ್ನು ಅನುಸರಿಸುವ ವರ್ಣಮಾಲೆಯಲ್ಲಿ ಬೆಳೆದ ನಮಗೆ ಇದು ಅರೆಕೆಲಸವೆನಿಸಬಹುದು.

ಹಾಗಾದರೆ ಇದೊಂದು ಗುಪ್ತಲಿಪಿಯೇ? ಹಾಗೆಂದು ಭಾವಿಸಿದವರುಂಟು, ನಾವು ಒಪ್ಪಲಾರೆವು. ವೀಸ್‌ಬಾಡೆನ್ನಿನಲ್ಲಿರುವ ಬೃಹತ್ ಹಸ್ತಪ್ರತಿಯಲ್ಲಿ ಪ್ರತಿ ಹೊಸ ಅಕ್ಷರದೊಡನೆ ಅದಕ್ಕೆ ಸಲ್ಲುವ ಲತೀನ್ ಅಕ್ಷರವನ್ನೂ ಬರೆದಿದೆ. ಅಲ್ಲಿನ ಸಾವಿರಕ್ಕೂ ಮಿಕ್ಕ ಪದಗಳು ಲತೀನ್ ಲಿಪಿಯಲ್ಲೇ ಇದ್ದು, ಲತೀನ್ ಅಥವಾ ಜರ್ಮನ್ ಅರ್ಥವನ್ನು ಜೊತೆಗಿಟ್ಟುಕೊಂಡಿವೆ. ಬಚ್ಚಿಡುವವರು ಬೀಗದ ಮೇಲೆಯೇ ಕೀಲಿಯನ್ನು ತೂಗುಹಾಕುವುದಿಲ್ಲ.

ಪದಗಳ ಸಾಲನ್ನು ನೋಡಿದರೆ ಉದ್ದೇಶ ಇನ್ನಷ್ಟು ಗೋಚರವಾಗುತ್ತದೆ. ಮೊದಲು ದೇವರು, 'ಐಗೊನ್ಜ್'. ಬಳಿಕ ದೇವದೂತ, ಸಂತ. ಮುಂದೆ ಮಾನವ, ಬಂಧುಬಳಗ, ದೇಹದ ಅಂಗಗಳು, ಆರಾಧನೆಯ ಪರಿಕರಗಳು, ಗಿಡಮರ, ಹಕ್ಕಿ, ಕೀಟ. (ಈ ಪದಗಳಲ್ಲಿ ಮತ್ತೆ ಮತ್ತೆ ಬರುವ ಕೊನೆಯ ಧ್ವನಿಗೆ ಕನ್ನಡದಲ್ಲಿ ಅಕ್ಷರವಿಲ್ಲ, 'ಜ'ಕಾರದಿಂದಲೇ ಸುಧಾರಿಸಿಕೊಂಡಿದ್ದೇವೆ.) ಬಹುತೇಕ ಎಲ್ಲವೂ ನಾಮಪದಗಳು. ಕ್ರಿಯಾಪದಗಳಿಲ್ಲದ ಇಂಥ ನುಡಿಯಲ್ಲಿ ಸಂಭಾಷಣೆ ಸಾಗದು, ಹೆಸರಿಡುವುದು ಮಾತ್ರ ಸಾಧ್ಯ. ಆದಿಕಾಂಡದಲ್ಲಿ ಆದಾಮನು ಮಾಡಿದ ಕಾರ್ಯವೂ ಅದೇ. ಸೃಷ್ಟಿಯನ್ನು ಮತ್ತೊಮ್ಮೆ ಹೆಸರಿಟ್ಟು ಕರೆಯುವ ಈ ಸ್ತುತಿಗೆ ಬಳಸಿ ಸವೆಯದ ಅಕ್ಷರಗಳು ಬೇಕೆನಿಸಿರಬೇಕೆಂದು ನಮ್ಮ ಊಹೆ.

ಆದರೂ ಸಂತ ಪೌಲರು ಕೊರಿಂಥದವರ ಮುಂದಿಟ್ಟ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ: ಅರ್ಥ ಹೇಳುವವರಿಲ್ಲದೆ ಅರಿಯದ ನುಡಿ ಸಭೆಗೆ ಹೇಗೆ ಭಕ್ತಿವೃದ್ಧಿಯನ್ನು ತಂದೀತು? ಧರ್ಮಸಭೆಯನ್ನು ಕುರಿತ ಅವರ ಒಂದು ಲತೀನ್ ಗೀತೆಯಲ್ಲಿ ಇಂಥ ಐದು ಪದಗಳಿವೆ. ಅವುಗಳಲ್ಲೊಂದು 'ಲೊಯ್ಫೊಲುಮ್', ಜನಗಳ ಎಂದರ್ಥ. ಬೇರು ಹೊಸ ನುಡಿಯದು, ವಿಭಕ್ತಿ ಲತೀನಿನದು. ಪದಪಟ್ಟಿಯಲ್ಲಿ ಸಿಗುವುದು ಇದೊಂದೇ. ಉಳಿದ ನಾಲ್ಕಕ್ಕೆ ಆ ಗೀತೆಯ ಒಂದು ಹಸ್ತಪ್ರತಿಯಲ್ಲಿ ಲತೀನ್ ಅರ್ಥಗಳನ್ನು ಕೊಟ್ಟಿದೆ. ಪೌಲರು ಕೇಳಿದ ಆ ಅರ್ಥ ಹೇಳುವವನ ಕೆಲಸವನ್ನು ಅಲ್ಲಿ ಹೆಸರಿಲ್ಲದ ಲಿಪಿಕಾರನೊಬ್ಬನು ವಹಿಸಿಕೊಂಡನು.